ಪ್ರಾಂತ ಸಾಹೇಬನ ಡೇರೆಯ ಮುಂದೆ ನಿನ್ನ ಮುತ್ಯಾ

ನನ್ನ ಕಂಡಕ್ಟರ್ ಅಪ್ಪನಿಗೆ,

ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ನೀನು ಡ್ಯೂಟಿಯಲ್ಲಿದ್ದ ಕಾಲದಲ್ಲಿ ಏನಾದರೂ ತಿಳಿಸುವುದಿದ್ದರೆ ನಾನು ಸಿಂದಗಿ ಸ್ಟ್ಯಾಂಡಿಗೆ ಹೋಗಿ, ನಿಂತಿದ್ದ ಯಾವುದಾದರೂ ಬಸ್ಸಿನ ಕಂಡಕ್ಟರಿಗೆ ಹೇಳಿ ಬಂದರೆ ಸಾಕಿತ್ತು. ಮಾತು ಒಬ್ಬರ ಬಾಯಿಂದ ಇನ್ನೊಬ್ಬರಿಗೆ ದಾಟಿ ಸಂಜೆಯೊಳಗೆ ನಿನ್ನನ್ನು ಹುಡುಕಿಕೊಂಡು ಬರುತ್ತಿತ್ತು. ಈಗ ನೀನಿರುವ ಊರಿಗೆ ಯಾವ ಬಸ್ಸು ಹೋಗುತ್ತದೋ ನನಗೆ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಯಿತೆಂದು ಬೇಸರ ಮಾಡಿಕೊಳ್ಳಬೇಡ, ಮುಂಬೈಗೆ ಹೋಗಿ ಬಂದವಳ ಮಾತು ಸ್ವಲ್ಪ ಉದ್ದವೇ ಇರುತ್ತದೆ. ಹೌದು, ಮುಂಬೈಗೆ ಹೋಗಿದ್ದೆ. ಹಳೆಯ ಸರ್ಕಾರಿ ಕಾಗದಗಳಿರುವ ನಿನ್ನ ಅದೇ ದಫ್ತರಖಾನೆಗೆ.

ಭಾಗ್ಯ ನಮ್ಮ ಆಸ್ಪತ್ರೆಗೆ ನರ್ಸ್ ಆಗಿ ಬಂದ ದಿನ ನಿನಗೆ ನೆನಪಿರಬೇಕು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ನಾನು ಸುಮ್ಮನೆ ಹೇಳಿದೆ: ಹೊಸ ಹುಡುಗಿ ಬಂದಿದ್ದಾಳೆ, ನಮ್ಮ ಊರು ತಾಂಬಾದವಳೇ, ವಾಲೀಕಾರ ಮನೆತನ ಅಂತೆ. ನೀನು ಮುರಿದ ರೊಟ್ಟಿಯನ್ನು ತಾಟಿನಲ್ಲಿ ಹಾಗೇ ಬಿಟ್ಟು ಎದ್ದು ಕೈ ತೊಳೆದುಕೊಂಡೆ. ಮರುದಿನದಿಂದ ನಾನು ಔಷಧ ಕೊಡುವ ಕೆಲಸ ಮುಗಿಸಿ ಮನೆಗೆ ಬಂದ ಕೂಡಲೇ ನಿನ್ನದು ಒಂದೇ ಪ್ರಶ್ನೆ, ಆ ಹುಡುಗಿ ಊಟ ಮಾಡಿದಳೇನು ಎಂದು. ನನ್ನ ಊಟದ ಬಗ್ಗೆ ನೀನು ಎಂದಾದರೂ ಅಷ್ಟು ವಿಚಾರಿಸಿದ್ದೆಯಾ? ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು, ಈಗ ಹೇಳಿಬಿಡುತ್ತೇನೆ.

ಆ ಭಾಗ್ಯಳಿಗೆ ಈಗ ಲಗ್ನವಾಗಿದೆ. ಗಂಡನ ಊರು ಮುದ್ದೇಬಿಹಾಳ. ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬೇಕಾದರೆ ಮದುವೆಯ ನೋಂದಣಿ ಆಗಬೇಕು, ನೋಂದಣಿಗೆ ಸಾಕ್ಷಿಗಳು ಬೇಕು. ಒಂದು ಬೆಳಿಗ್ಗೆ ನಾನು ಮಾತ್ರೆಯ ಪಟ್ಟಿಗಳನ್ನು ಕತ್ತರಿಸುತ್ತಿದ್ದಾಗ ಕಿಟಕಿಯ ಹತ್ತಿರ ಬಂದು ನಿಂತಳು.

"ಅಕ್ಕಾರ, ನಮ್ಮ ಕಡಿಂದ ಸಾಕ್ಷಿಗೆ ನೀವ ಬರ್ರಿ. ಇಲ್ಲಿ ನನಗ ಮನಿಯವರು ಅಂದ್ರ ನೀವ ಅದೀರಿ."

ಬರ್ತೇನಿ ಅನ್ನಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಿನ್ನ ಮುಖ ಕಣ್ಣ ಮುಂದೆ ಬಂದು, ನೋಡಿ ಹೇಳುತ್ತೇನೆ ಎಂದುಬಿಟ್ಟೆ. ಆ ಹುಡುಗಿಯ ಮುಖ ಸಣ್ಣದಾಯಿತು. ಬೇರೆ ಯಾರಾದರೂ ಕೇಳಿದ್ದರೆ ಏನೋ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಕೇಳಿದವಳು ವಾಲೀಕಾರರ ಮನೆಯವಳು. ನಮ್ಮ ಕೈ ಸಾಕ್ಷಿಗೆ ಬಾರದಂತೆ ಆದದ್ದೇ ಆ ಮನೆಯ ಕಾರಣಕ್ಕೆ ಅಲ್ಲವೇ?

ನನ್ನ ನಿಕಾಹದ ದಿನವನ್ನು ನಾನು ಮರೆತಿಲ್ಲ, ನೀನೂ ಮರೆತಿರಲಾರೆ. ಕಾಜಿಯವರು ದೊಡ್ಡ ರಿಜಿಸ್ಟರನ್ನು ನಿನ್ನ ಕಡೆ ತಿರುಗಿಸಿ ಸಾಕ್ಷಿ ಸಹಿಯ ಜಾಗ ತೋರಿಸಿದರು. ನೀನು ಪೆನ್ನನ್ನು ಮಾಮಾನ ಕೈಗೆ ಕೊಟ್ಟು ಹಿಂದೆ ಸರಿದೆ. ಮಂಟಪದಲ್ಲಿ ಗುಸುಗುಸು ಶುರುವಾಯಿತು. ಅಪ್ಪನಿಗೆ ಹುಡುಗ ಮನಸ್ಸಿಗೆ ಬಂದಿಲ್ಲ ಎಂದರು ಕೆಲವರು. ನಿನ್ನ ಅಳಿಯ ಅಂದು ತಲೆ ತಗ್ಗಿಸಿ ಕೂತವನು ಊಟಕ್ಕೆ ಕರೆಯುವವರೆಗೆ ಎತ್ತಲಿಲ್ಲ. ನನಗೆ ಬಹಳ ನೋವಾಯಿತು, ಅಪ್ಪಾ. ಮಗಳ ಹೆಸರಿನ ಪಕ್ಕ ಒಂದು ಸಹಿ ಹಾಕಲು ನಿನಗೇನು ಭಾರ? ಎಷ್ಟೋ ವರ್ಷ ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಕೊನೆಗೆ ನೀನು ಅವ್ವನಿಲ್ಲದ ಮೇಲೆ ನಮ್ಮ ಮನೆಗೆ ಬಂದು ಇರತೊಡಗಿದಾಗ ಒಂದು ಸಂಜೆ ಕೇಳಿಯೇ ಬಿಟ್ಟೆ. ನೀನು ಚಹಾದ ಕಪ್ಪು ಕೆಳಗಿಟ್ಟೆ.

"ನಮ್ಮ ಮುತ್ಯಾನ ಹೆಬ್ಬಟ್ಟು ಒಂದು ಮನಿ ಕೆಡಿಸೇತಿ. ನಮ್ಮ ಕೈ ಸಾಕ್ಷಿಗೆ ಬರೂದಿಲ್ಲವ್ವಾ."

ಆಮೇಲೆ ಹೇಳಿದ ಕತೆ ಇಷ್ಟೇ. ಬ್ರಿಟಿಷರ ಕಾಲ. ತಾಂಬಾದ ಹತ್ತಿರ ಸರ್ಕಾರದ ಜಾಲಿ ಬನ ಇತ್ತು. ಯಾರೋ ದೊಡ್ಡವರು ಅದರ ಮರಗಳನ್ನು ಕಡಿದು ಸಾಗಿಸಿದರು, ದೂರು ಬಂದಾಗ ಊರ ಕಾವಲಿನ ವಾಲೀಕಾರ ಸಿದ್ದಪ್ಪನ ತಲೆಗೆ ಕಟ್ಟಿದರು. ಪಂಚನಾಮೆಗೆ ಹೆಬ್ಬಟ್ಟು ಒತ್ತಿದವರಲ್ಲಿ ನಿನ್ನ ಮುತ್ಯಾ, ಪಿಂಜಾರ ಹುಸೇನಸಾಬ ಒಬ್ಬ. ಸಿದ್ದಪ್ಪನ ವಾಲೀಕಾರಿಕೆ ಹೋಯಿತು, ಅದರ ಇನಾಮು ಹೊಲವೂ ಹೋಯಿತು. ಮುತ್ಯಾ ಸಾಯುವ ಮುಂಚೆ ತನ್ನ ಮಗನಿಗೆ, ಅಂದರೆ ನಿನ್ನ ಅಪ್ಪನಿಗೆ, ಈ ಮನೆಯವರು ಯಾರೂ ಸಾಕ್ಷಿಗೆ ಕೈ ಹಚ್ಚಬಾರದು ಎಂದನಂತೆ. ಅದಕ್ಕಿಂತ ಹೆಚ್ಚು ನಿನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಅಲ್ಲವೇ ನೀನು ಅಷ್ಟೊಂದು ಅಲೆದದ್ದು?

ನೀನು ಮೊದಲ ಸಲ ಮುಂಬೈಗೆ ಹೊರಟ ದಿನ, ಯಾಕೆಂದು ನನಗೆ ಇನ್ನೂ ತಿಳಿಯದ ಕಾಲದಲ್ಲಿ, ಅವ್ವ ನಗುತ್ತಿದ್ದಳು. ಜನ ಮುಂಬೈಗೆ ಸಮುದ್ರ ನೋಡಲು ಹೋಗುತ್ತಾರೆ, ಇವರು ಹುಳ ತಿಂದ ಕಾಗದ ನೋಡಲು ಹೊರಟಿದ್ದಾರೆ ಎಂದಳು. ನಮ್ಮ ಜಿಲ್ಲೆ ಆಗ ಮುಂಬೈ ಇಲಾಖೆಯಲ್ಲಿತ್ತು, ಸಾಹೇಬರು ಬರೆದ ಪತ್ರಗಳೆಲ್ಲ ಅಲ್ಲಿ ಕಟ್ಟು ಕಟ್ಟಾಗಿ ಇವೆ ಎಂದು ನಿನಗೆ ಯಾರೋ ಪ್ಯಾಸೆಂಜರ್ ಹೇಳಿದ್ದ. ವಿಜಯಪುರದಲ್ಲಿ ರಾತ್ರಿ ರೈಲು ಹತ್ತಿ, ರಜೆ ಉಳಿಸಿ ಉಳಿಸಿ ನೀನು ಹೋಗಿ ಬರುತ್ತಿದ್ದೆ. ಮುತ್ಯಾ ಹೆಬ್ಬಟ್ಟು ಒತ್ತಿಲ್ಲ ಎಂಬುದಕ್ಕೆ ಒಂದು ಆಧಾರ ಸಿಗಲಿ ಎಂಬುದೇ ನಿನ್ನ ಆಸೆ. ಬಂದು ಟಿಕೀಟಿನ ಚರ್ಮದ ಚೀಲದಿಂದ ಚೀಟಿಗಳನ್ನು ತೆಗೆದು, ಇಂಡಿ ತಾಲೂಕಿನ ಇಷ್ಟು ಮುಗಿಯಿತು, ಪೊಲೀಸ್ ಖಾತೆ ಮುಗಿಯಿತು, ಜಂಗಲ್ ಖಾತೆ ಉಳಿಯಿತು ಎನ್ನುತ್ತಿದ್ದೆ. ಕೊನೆಯ ಸಲ ಕಣ್ಣಿನ ಪೊರೆ ಅಡ್ಡ ಬಂತು. ಅಕ್ಷರ ನೀರಿನಾಗ ಬಿದ್ದಂಗ ಕಾಣತಾವು ಎಂದು ಹೇಳಿ ಚೀಲವನ್ನು ಮೊಳೆಗೆ ಸಿಗಿಸಿದೆ. ಆಪರೇಷನ್ ಮಾಡಿಸೋಣ ಎನ್ನುವಷ್ಟರಲ್ಲಿ...

ಭಾಗ್ಯಳಿಗೆ ನೋಡಿ ಹೇಳುತ್ತೇನೆ ಎಂದ ದಿನ ಸಂಜೆ ಆ ಚೀಲವನ್ನೇ ಮೊಳೆಯಿಂದ ಇಳಿಸಿದೆ. ನಿನ್ನ ಕಟ್ಟಳೆಯನ್ನು ಮುರಿಯುವುದಾದರೂ ಸರಿ, ಪಾಲಿಸುವುದಾದರೂ ಸರಿ, ಏನು ನಡೆಯಿತು ಎಂದು ತಿಳಿಯದೆ ಮಾಡಬಾರದು ಅನ್ನಿಸಿತು. ಯಾರ ಮನೆ ಕೆಡಿಸಿದ್ದೇವೋ ಅವರ ಮಗಳ ಲಗ್ನಕ್ಕೆ ಏನೂ ಆಗಿಲ್ಲ ಎಂಬಂತೆ ಹೋಗಿ ಸಹಿ ಹಾಕಿ ಬರಲು ನನಗೆ ಮುಖ ಸಾಲಲಿಲ್ಲ. ನಿನ್ನ ಅಳಿಯ ಒಂದು ಮಾತೂ ಎದುರಾಡದೆ ರೈಲಿಗೆ ಬುಕ್ ಮಾಡಿದ. ಅವನ ಬಗ್ಗೆ ಮಂಟಪದಲ್ಲಿ ಮಾತಾಡಿದವರನ್ನು ಅಂದು ಕರೆದು ತೋರಿಸಬೇಕೆನಿಸಿತು.

ದಫ್ತರಖಾನೆಯ ಬಾಗಿಲಲ್ಲಿ ನನ್ನ ಪೆನ್ನು ತೆಗೆದಿಟ್ಟುಕೊಂಡು ಪೆನ್ಸಿಲ್ ಮಾತ್ರ ಒಳಗೆ ಬಿಟ್ಟಾಗ ನಿನ್ನ ನೆನಪಾಯಿತು. ನಿನ್ನ ಜೇಬಿನ ಪೆನ್ನು ಕೇಳಿದ್ದಕ್ಕೆ ನೀನು ಅಲ್ಲಿ ಜಗಳ ತೆಗೆದಿದ್ದೆಯಂತೆ. ಕಾಗದಗಳು ಹಪ್ಪಳದಂತೆ ಮುರಿಯುತ್ತವೆ, ಉಸಿರು ಬಿಗಿಹಿಡಿದು ತಿರುವಬೇಕು. ಗುಮಾಸ್ತರ ಕೈಬರಹ ನೋಡಿ ಪಕ್ಕದ ಮೇಜಿನವರು ಭೂತಗನ್ನಡಿ ಹಿಡಿದಿದ್ದರು. ನನಗೆ ಅದೊಂದು ಕಷ್ಟ ಆಗಲಿಲ್ಲ. ಇಷ್ಟು ವರ್ಷ ಡಾಕ್ಟರುಗಳು ಬರೆದ ಚೀಟಿ ಓದಿ ಔಷಧ ಕೊಟ್ಟವಳಿಗೆ ಬ್ರಿಟಿಷರ ಗುಮಾಸ್ತ ಯಾವ ಲೆಕ್ಕ?

ಆದರೂ ಮೊದಲೆರಡು ದಿನ ಏನೂ ಸಿಗಲಿಲ್ಲ. ನಿನ್ನ ಚೀಟಿಯಲ್ಲಿ ಉಳಿದಿದ್ದ ಜಂಗಲ್ ಖಾತೆಯ ಕಟ್ಟುಗಳಲ್ಲಿ ಸಿದ್ದಪ್ಪನನ್ನು ತೆಗೆದುಹಾಕಿದ ಹುಕುಂ ಒಂದು ಇತ್ತು. ಕೆಳಗೆ, ಪಿಂಜಾರ ಹುಸೇನಸಾಬನೂ ಸೇರಿ ಪಂಚರ ಹೆಬ್ಬಟ್ಟಿನ ಗುರುತು ಇದೆ ಎಂಬ ಒಂದು ಸಾಲು. ಅಷ್ಟೇ. ನಿನ್ನ ಆಸೆ ಅಲ್ಲಿಗೇ ಮುಗಿಯಿತು, ಅಪ್ಪಾ. ಮುತ್ಯಾ ಹೆಬ್ಬಟ್ಟು ಒತ್ತಿದ್ದು ನಿಜ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ವಡಾ ಪಾವ್ ತಿನ್ನುತ್ತಾ, ಇದನ್ನು ನೀನು ನೋಡದೇ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಎದುರಿನ ರಸ್ತೆಯಲ್ಲಿ ಒಂದು ಕೆಂಪು ಬಸ್ಸು ಹೋಯಿತು. ಆಗ ನನಗೆ ಯಂಕಂಚಿ ಕ್ರಾಸಿನ ಒಂದು ಜಗಳ ನೆನಪಾಯಿತು.

ನಾನು ಸಣ್ಣವಳಿದ್ದಾಗ ನಿನ್ನ ಬಸ್ಸಿನಲ್ಲಿ ನಿನ್ನ ಸೀಟಿನಲ್ಲೇ ಕೂತು ಬರುತ್ತಿದ್ದೆನಲ್ಲ, ಆಗಿನ ಮಾತು. ಯಂಕಂಚಿ ಕ್ರಾಸಿನಲ್ಲಿ ಹತ್ತಿದವನೊಬ್ಬ ತಾನು ಸಿಂದಗಿಯವನು, ಸಿಂದಗಿಯಿಂದ ಟಿಕೀಟು ಕೊಡು ಎಂದು ಹಟ ಹಿಡಿದಿದ್ದ. ನೀನು ಹೇಳಿದ ಮಾತಿಗೆ ಇಡೀ ಬಸ್ಸು ನಕ್ಕಿತ್ತು.

"ಹತ್ತಿದ ಜಾಗಾದಿಂದ ಟಿಕೀಟ ಹರಿಯೂದು ನನ್ನ ಕೆಲಸ. ನೀ ಯಾವೂರಾಂವ ಅಂತ ತಗೊಂಡು ನಾ ಏನ ಮಾಡ್ಲಿ?"

ಆ ಹುಕುಂ ಹೊರಡಿಸಿದ್ದು ಪ್ರಾಂತ ಸಾಹೇಬ, ಎಂದರೆ ನಾಲ್ಕಾರು ತಾಲೂಕು ನೋಡಿಕೊಳ್ಳುವ ಅಧಿಕಾರಿ. ವರ್ಷದ ಅರ್ಧ ಕಾಲ ಡೇರೆ ಹೊತ್ತುಕೊಂಡು ತಿರುಗುವವನು. ಇಂಡಿಯಲ್ಲಿ ಮುಕ್ಕಾಂ ಇದ್ದಾಗ ಬರೆದ ಪತ್ರದ ತಲೆಗೆ ಮುಕ್ಕಾಂ ಇಂಡಿ ಎಂದಿರುತ್ತದೆ, ಮುದ್ದೇಬಿಹಾಳದಲ್ಲಿದ್ದಾಗ ಬರೆದದ್ದಕ್ಕೆ ಮುಕ್ಕಾಂ ಮುದ್ದೇಬಿಹಾಳ. ವಿಷಯ ಯಾವ ಊರಿನದು ಎಂದು ಯಾರು ನೋಡುತ್ತಾರೆ? ಪತ್ರ ಎಲ್ಲಿ ಬಸ್ಸು ಹತ್ತಿತೋ ಅಲ್ಲಿಯದೇ ಟಿಕೀಟು. ನೀನು ಜೀವಮಾನವಿಡೀ ಟಿಕೀಟು ಹರಿದವನು, ತಾಂಬಾ ಇಂಡಿ ತಾಲೂಕಿನಲ್ಲಿದೆ ಎಂದು ಇಂಡಿಯ ಕಟ್ಟನ್ನೇ ಮತ್ತೆ ಮತ್ತೆ ಬಿಚ್ಚುತ್ತಾ ಕೂತೆಯಲ್ಲ! ಅರ್ಧ ವಡಾ ಪಾವ್ ಅಲ್ಲೇ ಬಿಟ್ಟು ಒಳಗೆ ಓಡಿದೆ.

ಆ ಹುಕುಂ ಆದ ಮೇಲಿನ ಕಾಲದಲ್ಲಿ ಸಾಹೇಬ ಮುಕ್ಕಾಮಿನಿಂದ ಬರೆದ ಪತ್ರಗಳನ್ನೆಲ್ಲ ಕೇಳಿದೆ, ಯಾವ ತಾಲೂಕೇ ಇರಲಿ, ಯಾವ ವಿಷಯವೇ ಇರಲಿ. ಡೇರೆ ಹರಿದದ್ದು, ಎತ್ತಿನ ಬಂಡಿ ತಡವಾದದ್ದು, ಕುದುರೆಗೆ ಹುಲ್ಲು ಸಿಗದ್ದು, ಎಲ್ಲ ಇದ್ದವು. ಅವುಗಳಲ್ಲಿ ಸಿಂದಗಿ ಮುಕ್ಕಾಮಿನ ಒಂದು ಪತ್ರ, ಕಲೆಕ್ಟರಿಗೆ ಬರೆದದ್ದು. ಡೇರೆಯ ಬಾಗಿಲು ಕಾಯಲು ಇನ್ನೊಬ್ಬ ಪಟ್ಟೇವಾಲ, ಅಂದರೆ ಜವಾನ, ಬೇಕು ಎಂಬ ಬೇಡಿಕೆ. ಯಾಕೆಂದರೆ ಅರ್ಜಿದಾರರು ಹೇಳದೆ ಕೇಳದೆ ನುಗ್ಗುತ್ತಾರೆ, ಮುಖ್ಯವಾಗಿ ತಾಂಬಾದ ಒಬ್ಬ ಪಿಂಜಾರ. ಇಂಡಿಯಲ್ಲಿ ಬಂದಿದ್ದ, ಈಗ ಸಿಂದಗಿಗೂ ಬಂದಿದ್ದಾನೆ.

ಆ ಸಾಲನ್ನು ಬೆರಳಿಟ್ಟು ಮತ್ತೆ ಓದಿದೆ. ಆ ಕಾಲದ ಪತ್ರಗಳ ಒಂದು ಗುಣವಿದೆ: ಪ್ರತಿ ಪತ್ರವೂ ತನ್ನ ಹಿಂದಿನ ಪತ್ರದ ನಂಬರು ಹೇಳಿಯೇ ಮಾತು ಶುರು ಮಾಡುತ್ತದೆ. ಒಂದರ ಬಾಲ ಹಿಡಿದರೆ ಇನ್ನೊಂದು ಬರುತ್ತದೆ. ಕಲೆಕ್ಟರ್ ಪಟ್ಟೇವಾಲನನ್ನು ಕೊಡಲಿಲ್ಲ. ಸಾಹೇಬ ಮುದ್ದೇಬಿಹಾಳದಿಂದ ಮತ್ತೆ ಬರೆದ. ಅದೇ ಪಿಂಜಾರ ಇಲ್ಲಿಗೂ ಬಂದಿದ್ದಾನೆ, ಗಾದಿಯ ಹತ್ತಿ ಹಿಂಜಿಕೊಡುತ್ತೇನೆ ಎಂದು ಆಳುಗಳಿಗೆ ಹೇಳಿ ಒಳಗೆ ಬಂದು, ನನ್ನ ಗಾದಿ ಬಿಚ್ಚಿ ಕೂತು, ಹತ್ತಿ ಹಿಂಜುತ್ತಲೇ ತನ್ನ ಮಾತು ಹೇಳುತ್ತಾನೆ. ಕೊನೆಯದು ಬಾಗೇವಾಡಿ ತಾಲೂಕಿನದು, ಗೊಳಸಂಗಿಯ ಹತ್ತಿರದ ಮುಕ್ಕಾಂ. ಅದರಲ್ಲಿ ಆ ಮಾತು ಏನೆಂದು ಸಾಹೇಬ ಬರೆದಿದ್ದಾನೆ, ಸಿಟ್ಟಿನಿಂದಲೇ. ಓದಿ ಹೇಳದ ಕಾಗದಕ್ಕೆ ತನ್ನ ಹೆಬ್ಬಟ್ಟು ಒತ್ತಿಸಿಕೊಂಡರು, ವಾಲೀಕಾರ ಸಿದ್ದಪ್ಪ ಮರ ಕಡಿದಿಲ್ಲ, ತನ್ನ ಹೆಬ್ಬಟ್ಟು ತನಗೆ ತಿರುಗಿ ಕೊಡಬೇಕು ಎನ್ನುತ್ತಾನಂತೆ. ಹೆಬ್ಬಟ್ಟು ತಿರುಗಿ ಕೊಡುವುದು ಹೇಗೆ ಎಂದು ಸಾಹೇಬ ಚೇಷ್ಟೆ ಮಾಡಿದ್ದಾನೆ. ಪ್ರಕರಣ ಮುಗಿದಿದೆ, ಹುಕುಂ ಬದಲಾಗದು, ಪಟ್ಟೇವಾಲನನ್ನು ಮಾತ್ರ ದಯಮಾಡಿ ಕಳಿಸಿ. ಈ ಸಲ ಕಲೆಕ್ಟರ್ ಮಂಜೂರು ಮಾಡಿದ. ನೋಡಿದೆಯಾ ಅಪ್ಪಾ, ಮುತ್ಯಾನ ಸತ್ಯದಿಂದ ಸಿದ್ದಪ್ಪನ ಕೆಲಸ ಉಳಿಯಲಿಲ್ಲ, ಯಾರೋ ಒಬ್ಬ ಪಟ್ಟೇವಾಲನಿಗೆ ನೌಕರಿ ಸಿಕ್ಕಿತು.

ನಾನು ನಕ್ಕೆ, ನಕ್ಕು ಮುಗಿಯುವುದರೊಳಗೆ ಅತ್ತೆ. ಕಾಗದದ ಮೇಲೆ ಕಣ್ಣೀರು ಬೀಳಬಾರದೆಂದು ಕುರ್ಚಿ ಹಿಂದೆ ಸರಿಸಿದೆ. ಪತ್ರದಲ್ಲಿ ಎಲ್ಲಿಯೂ ಮುತ್ಯಾನ ಹೆಸರಿಲ್ಲ. ಆದರೆ ತಾಂಬಾದಲ್ಲಿ ಪಿಂಜಾರರ ಮನೆ ಎಂದರೆ ಆಗ ನಮ್ಮದೊಂದೇ ಎಂದು ನೀನೇ ಎಷ್ಟು ಸಲ ಹೇಳಿದ್ದೆ! ಹೆಸರು ಹಿಡಿದು ಹುಡುಕಿದ ನಿನಗೆ ಹೇಗೆ ಸಿಗಬೇಕು? ಆ ದಾರಿಯೆಲ್ಲ ನನಗೆ ಗೊತ್ತು, ನಿನ್ನ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಬಸ್ಸಿನಲ್ಲಿ ಕೂತೇ ಸೊಂಟ ಹಿಡಿಯುವ ದಾರಿ ಅದು. ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು ಹೊತ್ತು ಮುತ್ಯಾ ನಡೆದೇ ಹೋಗಿದ್ದ. ಅವನು ತಪ್ಪು ಮಾಡಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಓದಿಸದೆ ಒತ್ತಿದ್ದು ತಪ್ಪೇ. ಆದರೆ ಅದನ್ನು ಅಳಿಸಲು ಇಷ್ಟು ನಡೆದವನ ಬಗ್ಗೆ ನನಗೆ ಹೆಮ್ಮೆಯಾಯಿತು. ನಿನಗೂ ಆಗುತ್ತಿತ್ತು. ಆ ಕುರ್ಚಿಯಲ್ಲಿ ನೀನಿರಬೇಕಿತ್ತು, ಅಪ್ಪಾ, ನಾನಲ್ಲ.

ಊರಿಗೆ ಬಂದ ಮೇಲಿನ ಭಾನುವಾರ ಭಾಗ್ಯಳನ್ನು ಕರೆದುಕೊಂಡು ತಾಂಬಾಕ್ಕೆ ಹೋದೆ. ಬಸ್ಸಿನಲ್ಲೇ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ, ನಮ್ಮ ಆಯಿಗೆ ಗೊತ್ತಿರಬೇಕು ಎಂದಳು. ವಾಲೀಕಾರರ ಓಣಿಯಲ್ಲಿ ನಾನು ಕಾಲಿಟ್ಟದ್ದು ಅದೇ ಮೊದಲು. ತಾಂಬಾಕ್ಕೆ ಹೋದಾಗಲೆಲ್ಲ ನೀನು ನನ್ನ ಕೈ ಹಿಡಿದು ಹಿಂದಿನ ದಾರಿಯಿಂದ ಸುತ್ತು ಹಾಕಿಸಿಕೊಂಡು ಹೋಗುತ್ತಿದ್ದೆಯಲ್ಲ. ಭಾಗ್ಯಳ ಅಜ್ಜಿ ಗೌರವ್ವ ಆಯಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಸಿದ್ದಪ್ಪ ಅವಳ ಗಂಡನ ಅಜ್ಜ. ನಾನು ಯಾರ ಮಗಳು ಎಂದು ಹೇಳಿ, ಪೆನ್ಸಿಲಿನಲ್ಲಿ ಇಳಿಸಿಕೊಂಡು ಬಂದದ್ದನ್ನು ಕನ್ನಡ ಮಾಡಿ ಒಂದೊಂದೇ ಸಾಲು ಓದಿದೆ. ಆಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ ಕೈ ಝಾಡಿಸಿಕೊಂಡಳು.

"ಇದನ್ನ ತಿಳ್ಕೊಳ್ಳಾಕ ಮುಂಬೈತನಕ ಹೋಗಿದ್ದೇನ ಯವ್ವಾ? ನಿಮ್ಮ ಹುಸೇನಮುತ್ಯಾ ಸಾಹೇಬನ ಕಡಿ ಹೊಂಟಾಗೆಲ್ಲ ರೊಟ್ಟಿಬುತ್ತಿ ಕಟ್ಟಿ ಕೊಟ್ಟಾಕಿ ನಮ್ಮತ್ತಿ. ಆಗ ಹೊಸದಾಗಿ ಈ ಮನಿಗೆ ಸೊಸಿಯಾಗಿ ನಡೀಲಾಕ ಬಂದಿದ್ದಳಂತ. ಸಾಯೂತನಕ ಹೇಳತಿದ್ದಳು."

ಮತ್ತೆ ಇಷ್ಟು ವರ್ಷ ನಮ್ಮ ಅಪ್ಪನಿಗೆ ಯಾಕೆ ಹೇಳಲಿಲ್ಲರಿ ಎಂದು ಕೇಳಿದೆ.

"ಹೇಳಾಕ ಅಂವ ನಮ್ಮ ಕಟ್ಟಿಗೆ ಎಂದ ಬಂದಿದ್ದ? ನಮ್ಮ ಓಣಿ ತಪ್ಪಿಸಿ ಸುತ್ತ ಹಾಕಿ ಹೋಗತಿದ್ದ. ಸರ್ಕಾರಿ ನೌಕರಿ ಹತ್ತೇತಿ, ನಮ್ಮ ಜೋಡಿ ಮಾತು ಬ್ಯಾಡಾಗೇತಿ ಅಂತ ನಾವು ತಿಳ್ಕೊಂಡಿದ್ವಿ."

ಕೇಳಿದೆಯಾ, ಅಪ್ಪಾ? ನೀನು ನಾಚಿಕೆಯಿಂದ ಸುತ್ತು ಹಾಕಿದೆ, ಅವರು ಅದನ್ನು ಸೊಕ್ಕು ಎಂದುಕೊಂಡರು. ಮುಂಬೈಯ ರೈಲು ಹತ್ತಿದ ಮನುಷ್ಯ ತನ್ನೂರಿನ ಪಕ್ಕದ ಓಣಿಯ ಕಟ್ಟೆ ಹತ್ತಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂತು, ಬಹಳ ಬಂತು, ಆಮೇಲೆ ನಿನ್ನ ಬಗ್ಗೆ ಅಯ್ಯೋ ಅನ್ನಿಸಿತು. ಆದರೆ ಒಂದು ಮಾತು ಕೇಳು. ಮುತ್ಯಾ ಸಾಹೇಬನ ಹತ್ತಿರ ಹೋಗುತ್ತಿದ್ದ ಎಂಬುದಷ್ಟೇ ಆಯಿಗೆ ಗೊತ್ತಿತ್ತು. ಡೇರೆಯೊಳಗೆ ಹತ್ತಿ ಹಿಂಜುತ್ತಾ ಸಿದ್ದಪ್ಪನ ಹೆಸರು ಹೇಳಿದ್ದು, ಹೆಬ್ಬಟ್ಟು ತಿರುಗಿ ಕೇಳಿದ್ದು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಆಯಿ ಮತ್ತೆ ಓದಿಸಿದಳು, ಮಗನನ್ನು ಕರೆದು ಇನ್ನೊಮ್ಮೆ ಓದಿಸಿದಳು. ನಿನ್ನ ಅಲೆದಾಟ ದಂಡವಾಗಲಿಲ್ಲ. ನಾವು ಹೊರಡುವಾಗ ಬುತ್ತಿ ಕಟ್ಟಿಕೊಟ್ಟಳು, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಬಸ್ಸಿನಲ್ಲೇ ಬಿಚ್ಚಿ ತಿಂದೆವು. ಭಾಗ್ಯ ಊಟ ಮಾಡಿದಳು, ಅಪ್ಪಾ. ನೀನು ಕೇಳುವ ಮುಂಚೆ ಹೇಳಿಬಿಡುತ್ತೇನೆ.

ನಿನ್ನೆ ಇಂಡಿಯ ನೋಂದಣಿ ಕಚೇರಿಗೆ ಹೋಗಿದ್ದೆವು. ಭಾಗ್ಯ, ಅವಳ ಗಂಡ, ಎರಡೂ ಕಡೆಯವರು, ನಿನ್ನ ಅಳಿಯ. ನಾನು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಗುಮಾಸ್ತನಿಗೆ ಬೇಸರ ಬಂದು ಎಲ್ಲ ಬರೋಬ್ಬರಿ ಐತ್ರಿ, ಹಾಕ್ರಿ ಎಂದ. ಓದದೆ ಹಾಕುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ ಎಂದೆ. ಆಮೇಲೆ ಸಹಿ ಹಾಕಿದೆ. ಗುಮಾಸ್ತ ರಿಜಿಸ್ಟರ್ ತನ್ನ ಕಡೆ ತಿರುಗಿಸಿಕೊಂಡು, ರಾಜಮಾ ಲಾಲಸಾಬ ನದಾಫ ಎಂದು ಗಟ್ಟಿಯಾಗಿ ಓದಿದ.

"ಲಾಲಸಾಬ ಅಂದ್ರ ನಿಮ್ಮ ಮನಿಯವರೇನ್ರಿ?"

"ಅಲ್ರಿ," ಅಂದೆ. "ನಮ್ಮಪ್ಪ."

ನಿನ್ನ ಅಳಿಯ ಬಾಗಿಲಲ್ಲಿ ನಿಂತು ನಗುತ್ತಿದ್ದ. ಆ ರಿಜಿಸ್ಟರಿನಲ್ಲಿ, ವಾಲೀಕಾರ ಸಿದ್ದಪ್ಪನ ಮನೆಯ ಮಗಳ ಹೆಸರಿನ ಕೆಳಗೆ, ಸಾಕ್ಷಿಯ ಸಾಲಿನಲ್ಲಿ ನಿನ್ನ ಹೆಸರೂ ಇದೆ. ಈ ಸಲ ಪೆನ್ನನ್ನು ಮಾಮಾನ ಕೈಗೆ ಕೊಟ್ಟು ಹಿಂದೆ ಸರಿಯಲು ನಿನಗೆ ಆಗಲಿಲ್ಲ ನೋಡು.

ಇನ್ನು ಮುಂದೆ ತಾಂಬಾಕ್ಕೆ ಹೋದಾಗೆಲ್ಲ ನೇರ ಆ ಓಣಿಯಿಂದಲೇ ಹೋಗುತ್ತೇನೆ.

ನಿನ್ನ ಸೀಟಿನಲ್ಲಿ ಕೂತು ಬರುತ್ತಿದ್ದ,
ರಾಜಮಾ